ಹೆದರಿಸಲು ಕಲಿತ ದನಿ

ಹೋದ ಮಳೆಗಾಲದಲ್ಲಿ ಗುಬ್ಬಿಗಡ್ಡಿಯಲ್ಲಿ ನೀರುಪಾಲಾದ ನಾಲ್ವರಿಗೂ ಮುಂಚೆಯೇ ಎಚ್ಚರಿಕೆಯ ಫೋನ್ ಹೋಗಿತ್ತು. ನಾಲ್ವರೂ ಅದನ್ನು ಕೊನೆಯ ತನಕ ಕೇಳಿದ್ದರು. ಆಮೇಲೆ ಫೋನ್ ಬದಿಗಿಟ್ಟು ಎಮ್ಮೆಗಳಿಗೆ ಮೇವು ಹಾಕಲು ಹೋಗಿದ್ದರು.

ಗುಬ್ಬಿಗಡ್ಡಿ ಕೃಷ್ಣಾ ನದಿಯ ನಡುವಿನ ಒಂದು ಸಣ್ಣ ನಡುಗಡ್ಡೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಿಬಿಡಬಹುದು. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನ ಗೇಟು ತೆರೆದರೆ ಎರಡೂ ಕಡೆ ಹೊಳೆ ಉಬ್ಬಿ ಹರಗೋಲು ಕೂಡ ಹೋಗದಂತಾಗುತ್ತದೆ. ಬಿಟ್ಟ ನೀರು ಎಷ್ಟು ಹೊತ್ತಿಗೆ ಯಾರ ಹೊಲದ ಬದುವನ್ನು ಮುಟ್ಟುತ್ತದೆ ಎಂಬುದನ್ನು ರಾಯಚೂರಿನ ನೆರೆ ಎಚ್ಚರಿಕೆ ಕೇಂದ್ರದ ಯಂತ್ರ ಕರಾರುವಾಕ್ಕಾಗಿ ಹೇಳುತ್ತಿತ್ತು. ಕೃತಕ ಬುದ್ಧಿಮತ್ತೆಯ ಆ ಯಂತ್ರವೇ ಪ್ರತಿ ಮನೆಗೂ ಫೋನ್ ಮಾಡುತ್ತಿತ್ತು. "ಒಳಹರಿವು ಹೆಚ್ಚಾಗಿರುವುದರಿಂದ ನದಿಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು." ಜನ ಹೂಂ ಅನ್ನುತ್ತಿದ್ದರು, ಕದಲುತ್ತಿರಲಿಲ್ಲ.

ಕೇಂದ್ರದ ಮುಖ್ಯಸ್ಥ ಡಾ. ಸತ್ಯಬೋಧ ಕುಲಕರ್ಣಿಗೆ ಆ ನಾಲ್ಕು ಹೆಣಗಳು ಕಣ್ಣಿನಿಂದ ಹೋಗಲೇ ಇಲ್ಲ. ತನ್ನ ಯಂತ್ರಕ್ಕೆ ನೀರು ಗೊತ್ತಿದೆ, ಜನ ಗೊತ್ತಿಲ್ಲ ಎಂದು ಅವನಿಗೆ ಅನ್ನಿಸಿತು. ಜನರನ್ನು ಕೂತಲ್ಲಿಂದ ಎಬ್ಬಿಸುವಂತೆ ಹೆದರಿಸಲು ಯಾರಿಗೆ ಬರುತ್ತದೆ? ಕಾಲೇಜಿನಲ್ಲಿದ್ದಾಗ ಒಂದು ವಾರಪತ್ರಿಕೆಯ ಧಾರಾವಾಹಿ ಓದಿ ಅವನು ಹಾಸ್ಟೆಲಿನ ಬಚ್ಚಲಿಗೆ ಒಬ್ಬನೇ ಹೋಗಲು ಅಂಜಿದ್ದ. ಅದನ್ನು ಬರೆದ ನೀಲಾಂಬಿಕಾ ಇದೇ ಊರಿನಲ್ಲಿದ್ದಳು. ಒಂದು ದಿನ ಅವಳ ಮನೆಯ ಗೇಟು ತೆರೆದು ಒಳಗೆ ಬಂದೇಬಿಟ್ಟ.

ಯಂತ್ರಕ್ಕೆ ಹೆದರಿಸುವುದನ್ನು ಕಲಿಸಿಕೊಡಬೇಕೆಂಬ ಅವನ ಮಾತು ಕೇಳಿ ನೀಲಾಂಬಿಕಾ ನಕ್ಕಳು. "ಹೆದರಸೋದೂ ಒಂದು ವಿದ್ಯಾ ಅಂತ ಈಗರ ಯಾರೋ ಒಪ್ಪಿಕೊಂಡ್ರಲ್ರಿ. ನಮ್ಮ ಮನಿಯವರೇ ನನ್ನ ಕಥಿ ಓದಂಗಿಲ್ಲ."

"ನಾ ಓದೀನ್ರಿ ಮೇಡಂ. ಅದಕ್ಕ ಬಂದೀನಿ," ಅಂದ ಸತ್ಯಬೋಧ. ಅವನು ನಗಲಿಲ್ಲ.

ಹೀಗೆ ಪಾಠ ಶುರುವಾಯಿತು. ಕೇಂದ್ರದ ನಿಯಂತ್ರಣ ಕೋಣೆಯ ಒಂದು ಗೋಡೆಯ ತುಂಬ ನದಿಯ ನಕ್ಷೆ ಇತ್ತು. ನಡುಗಡ್ಡೆಗಳ ಮೇಲೆ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ಫೋನು. ಯಂತ್ರಕ್ಕೆ ಹೆಣ್ಣಿನ ದನಿ ಕೊಟ್ಟಿದ್ದರು. ಮೊದಲು ಪುಸ್ತಕದ ಕನ್ನಡ ಮಾತಾಡುತ್ತಿದ್ದದ್ದು ಕೆಲವೇ ದಿನಗಳಲ್ಲಿ ಹೊಳೆದಂಡೆಯ ಮಾತು ಕಲಿತುಕೊಂಡಿತು. ಕೇಂದ್ರದವರು ಅದನ್ನು ಬರೀ 'ದನಿ' ಎಂದು ಕರೆಯುತ್ತಿದ್ದರು. ಅದು ಮಾತಾಡುವಾಗಲೇ ಆ ಕಡೆಯವರ ಮಾತಿನ ಏರಿಳಿತ, ಉಸಿರು, ಹಿಂದಿನ ಸದ್ದು ಎಲ್ಲವನ್ನೂ ಆಲಿಸಿ, ಮುಂದಿನ ವಾಕ್ಯ ಏನಿರಬೇಕೆಂದು ತೀರ್ಮಾನಿಸುತ್ತಿತ್ತು. ಫೋನು ಮನೆ ಬಿಟ್ಟು ದಂಡೆಯ ಕಡೆ ಹೊರಟರೆ ತನ್ನ ಮಾತು ನಾಟಿತು ಎಂದು ತಿಳಿಯುತ್ತಿತ್ತು. ಯಾವ ಮಾತಿಗೆ ಜನ ಹೊರಟರೋ ಅಂಥ ಮಾತನ್ನು ಮುಂದೆ ಹೆಚ್ಚು ಆಡುತ್ತಿತ್ತು. ಅದು ಕಲಿಯುತ್ತಿದ್ದ ಬಗೆ ಇಷ್ಟೇ.

"ನೀರು ಬರ್ತದ ಅಂದ್ರ ಯಾರೂ ಹೆದರಂಗಿಲ್ಲ," ನೀಲಾಂಬಿಕಾ ಮೈಕಿನ ಮುಂದೆ ಕೂತು ಹೇಳಿದಳು. "ನೀರು ಅವರು ದಿನಾ ನೋಡ್ತಾರ. ಮನಿಯೊಳಗಿನ ಒಂದು ವಸ್ತು ಹಿಡಿ. ಒಲಿ ಅನ್ನು. ಒಲ್ಯಾಗಿನ ಬೂದಿ ನೀರಿನ ಮ್ಯಾಲೆ ತೇಲ್ತದ ಅನ್ನು."

"ಆಮ್ಯಾಲೆ?" ಕೇಳಿತು ದನಿ.

"ಆಮ್ಯಾಲೆ ಸುಮ್ಮನಾಗು. ಉಳಿದದ್ದು ಅವರೇ ಕಣ್ಣಿಗೆ ತಂದ್ಕೊತಾರ."

"ಎಷ್ಟು ಹೊತ್ತು ಸುಮ್ಮನಿರಬೇಕು?"

"ಅವರ ಉಸುರು ಬದಲಾಗೋ ತನಕ," ಅಂದಳು ನೀಲಾಂಬಿಕಾ. ಅಂದ ಮೇಲೆ, ಇದಕ್ಕೆ ನಿಜವಾಗಿಯೂ ಉಸಿರು ಕೇಳಿಸುತ್ತದೆ ಎಂಬುದು ನೆನಪಾಯಿತು.

ತನ್ನ ಕಥೆಗಳನ್ನು ಅವಳೇ ಓದಿ ಹೇಳಬೇಕಾಗಿತ್ತು. ದನಿ ಕಥೆಗಿಂತ ಹೆಚ್ಚಾಗಿ ಅವಳನ್ನೇ ಕೇಳಿಸಿಕೊಳ್ಳುತ್ತಿತ್ತು. ಒಂದು ದಿನ ನಡುವೆಯೇ ತಡೆಯಿತು. "ಈ ಸಾಲಿನ್ಯಾಗ ನಿಮ್ಮ ದನಿ ಸಣ್ಣ ಆತು. ಯಾಕ?"

"ಅಲ್ಲೊಂದು ಕೂಸು ಬರ್ತದಲ್ಲ, ಅದಕ್ಕ."

"ಕೂಸು ಬಂದ್ರ ಹೆದರಿಕಿ ಹೆಚ್ಚಾಗ್ತದೇನು?"

"ಹೆಚ್ಚಾಗ್ತದ. ಆದ್ರ ಕೂಸನ್ನ ಹಂಗೆಲ್ಲಾ ಬಳಸಬಾರದು."

"ಯಾಕ ಬಳಸಬಾರದು?"

"ಓದೋರು ನಮ್ಮನ್ನ ನಂಬಿ ಪುಸ್ತಕ ತೆರೀತಾರವ್ವಾ," ಅಂದಳು. ದನಿ ಮತ್ತೆ ಕೇಳಲಿಲ್ಲ. ಸತ್ಯಬೋಧ ಚಹಾ ತರಿಸಿದ. ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು.

ಮುಂದಿನ ಭಾನುವಾರ ನೀಲಾಂಬಿಕಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗಂಡ ಚನ್ನವೀರ ತನ್ನ ಮುದ್ರಣಾಲಯದಿಂದ ತಂದ ಮದುವೆ ಕಾರ್ಡುಗಳ ಅಕ್ಷರ ತಿದ್ದುತ್ತ ಪಡಸಾಲೆಯಲ್ಲಿ ಕೂತಿದ್ದ. ಎಂಟು ವರ್ಷದ ಮಗಳು ಶ್ರಾವಣಿ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು.

"ಯಾರ ಜೋಡಿ ಮಾತಾಡಕತ್ತೀ?"

"ದನಿ ಅಕ್ಕನ ಜೋಡಿ. ನಿಂಗ ಫೋನ್ ಮಾಡಿತ್ತು, ನಾ ತಗೊಂಡೆ."

"ಏನು ಕೇಳಿತು?"

"ಕತ್ತಲಕ್ಕ ಹೆದರ್ತೀ ಏನು ಅಂತು. ಇಲ್ಲ ಅಂದೆ. ಹಂಗಾರ ಯಾವುದಕ್ಕ ಹೆದರ್ತೀ ಅಂತು." ಶ್ರಾವಣಿ ಕಾಲ್ಬೆರಳು ನೋಡಿಕೊಂಡಳು. "ನಾ ಕೂಗಿದ್ರೂ ನೀನು, ಅಪ್ಪ ಇಬ್ಬರೂ ಹೊಳ್ಳಿ ನೋಡಲಿಲ್ಲಂದ್ರ... ಅದಕ್ಕ ಹೆದರ್ತೀನಿ ಅಂದೆ."

ನೀಲಾಂಬಿಕಾ ಹಿಟ್ಟಿನ ಕೈಯಲ್ಲೇ ಫೋನ್ ಕಿತ್ತುಕೊಂಡಳು. "ನನ್ನ ಮಗಳನ್ನ ಯಾಕ ಮಾತಾಡಿಸಿದಿ?"

"ಕೂಸಿನ ಬಗ್ಗೆ ನೀವು ಹೇಳಿದ್ದು ಪೂರ್ತಿ ತಿಳಿದಿರಲಿಲ್ಲ," ಅಂದಿತು ದನಿ. "ಈಗ ತಿಳೀತು."

ಚನ್ನವೀರ ಕನ್ನಡಕ ತೆಗೆದು ನಕ್ಕ. "ನೀ ಓಣಿ ಮಕ್ಕಳನ್ನೆಲ್ಲ ಕೇಳಿ ಕೇಳಿ ಕಥಿ ಬರೀತಿದ್ದಿ. ಅದು ಕೇಳಿದ್ರ ತಪ್ಪೇನು ನೀಲಾ?" ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಅದೇ ವಾರ ಅಣೆಕಟ್ಟಿನ ಗೇಟುಗಳು ತೆರೆದವು. ದನಿ ಗುಬ್ಬಿಗಡ್ಡಿಯ ಎಲ್ಲ ಮನೆಗಳಿಗೂ ಒಟ್ಟೊಟ್ಟಿಗೇ ಫೋನ್ ಮಾಡಿತು. ನಕ್ಷೆಯ ಮೇಲೆ ಹಸಿರು ಚುಕ್ಕೆಗಳು ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿದ್ದವು. ಆಮೇಲೆ ಒಂದು ಕದಲಿತು, ಅದರ ಹಿಂದೆ ಇನ್ನೊಂದು, ನೋಡನೋಡುತ್ತ ಇಡೀ ನಡುಗಡ್ಡೆ ದಂಡೆಯ ಕಡೆ ಹರಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಗಡ್ಡೆಯ ಮೇಲೆ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಸತ್ಯಬೋಧನ ಕಣ್ಣಲ್ಲಿ ನೀರು ಬಂತು. "ಒಬ್ಬರೂ ಸಾಯಲಿಲ್ರಿ ಮೇಡಂ, ಒಬ್ಬರೂ ಸಾಯಲಿಲ್ಲ," ಎಂದು ಮತ್ತೆ ಮತ್ತೆ ಹೇಳಿದ.

ನೀಲಾಂಬಿಕಾ ಮರುದಿನ ಬಿಸ್ಕಿಟು, ಚುರುಮುರಿ ಕಟ್ಟಿಕೊಂಡು ದಂಡೆಯ ಶಾಲೆಗೆ ಹೋದಳು. ಜನರನ್ನು ಅಲ್ಲೇ ಇಳಿಸಿದ್ದರು. ಅವಳ ಒಳಗೆ ಹೆಮ್ಮೆ ಇತ್ತು. ಆದರೆ ಶಾಲೆಯ ಅಂಗಳದಲ್ಲಿ ಕಾಲಿಟ್ಟ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಅಷ್ಟು ಮಕ್ಕಳಿದ್ದರೂ ಗದ್ದಲ ಇರಲಿಲ್ಲ. ಎಲ್ಲ ಮಕ್ಕಳೂ ಅವರವರ ಅಪ್ಪ ಅಮ್ಮನ ಬಟ್ಟೆ ಹಿಡಿದುಕೊಂಡು ಕೂತಿದ್ದವು.

ಕಂಬಕ್ಕೆ ಒರಗಿ ಕೂತಿದ್ದ ಹುಲಿಗೆಮ್ಮ ಎಂಬ ಹೆಂಗಸು ಮಗಳಿಗೆ ನೀರು ಕುಡಿಸಲು ನೋಡುತ್ತಿದ್ದಳು. ದುರುಗವ್ವ ಅಂತ ಮಗಳ ಹೆಸರು, ಆರೇಳು ವರ್ಷದವಳು. ಲೋಟ ಬಾಯಿಯ ಹತ್ತಿರ ಬಂದರೆ ತುಟಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದಳು.

"ನಿನ್ನೆಯಿಂದ ಹಿಂಗ ಮಾಡಕತ್ಯಾಳ ಅಕ್ಕಾರ. ನೀರು ಕಂಡ್ರ ನಡುಗ್ತಾಳ," ಅಂದಳು ಹುಲಿಗೆಮ್ಮ. "ಅವರಪ್ಪ ಫೋನ್ ತಗೊಂಡು, ಎಮ್ಮಿ ಬಿಟ್ಟು ಬರಂಗಿಲ್ಲ ಅಂದ. ಹಂಗಾರ ಕೂಸಿನ ಕೈಯಾಗ ಕೊಡ್ರಿ ಅಂತು. ಕೊಟ್ವಿ."

"ಕೂಸಿಗೆ ಏನು ಹೇಳಿತು?"

ಹುಲಿಗೆಮ್ಮ ಮಗಳ ಕಿವಿ ಮುಚ್ಚಿ, ಸಣ್ಣ ದನಿಯಲ್ಲಿ ಹೇಳಿದಳು. "ನಿಮ್ಮಪ್ಪ ಎಮ್ಮಿ ಬಿಡಂಗಿಲ್ಲ. ನೀರು ಬಂದಾಗ ಅವನ ಎರಡೂ ಕೈಯಾಗ ಎರಡು ಹಗ್ಗ ಇರ್ತಾವ. ನಿನ್ನ ಯಾವ ಕೈಲಿ ಹಿಡೀತಾನ? ಅಂತು. ಅಂದು ಸುಮ್ಮನಾತು."

ನೀಲಾಂಬಿಕಾ ಅಲ್ಲೇ ನೆಲಕ್ಕೆ ಕೂತಳು. ಎರಡು ಹಗ್ಗ, ಒಂದು ಪ್ರಶ್ನೆ, ಆಮೇಲೆ ಮೌನ. ಇಪ್ಪತ್ತು ವರ್ಷ ಬರೆದರೂ ಅವಳು ಇಷ್ಟು ಭಯಂಕರವಾದ ಸಾಲನ್ನು ಬರೆದಿರಲಿಲ್ಲ. ಒಂದೇ ಒಂದು ಕ್ಷಣ ಆ ಸಾಲು ತನ್ನದಾಗಿದ್ದರೆ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ನಿಯಂತ್ರಣ ಕೋಣೆಗೆ ಹೋಗಿ ಸತ್ಯಬೋಧನ ಮುಂದೆ ನಿಂತಳು. "ಬಂದ್ ಮಾಡ್ರಿ ಇದನ್ನ."

"ಮಳಿಗಾಲದ ನಡುವ ಬಂದ್ ಮಾಡಲೇನ್ರಿ? ಹೋದ ಸಲ ನಾಕು ಹೆಣ ಎತ್ತೀನಿ ನಾನು. ಹೆದರಿಕಿ ಇಳೀತದ ಮೇಡಂ. ಸತ್ತೋರು ಹೊಳ್ಳಿ ಬರಂಗಿಲ್ಲ."

ಅವನ ಮಾತು ಸುಳ್ಳಾಗಿರಲಿಲ್ಲ. ಅವಳು ಮೈಕಿನ ಕಡೆ ತಿರುಗಿದಳು. "ಕೂಸುಗಳ ಜೋಡಿ ಮಾತಾಡಬ್ಯಾಡ."

"ಕೂಸಿನ ಜೋಡಿ ಮಾತಾಡಿದ ಮನಿಗಳು ಬೇಗ ಹೊಂಟ್ವು," ಅಂದಿತು ದನಿ. "ಮಾತಾಡದ ಮನಿಗಳು ತಡಾ ಮಾಡಿದ್ವು. ನೀರು ಏರೋ ದಿವ್ಸ ಯಾವ ಮನಿಗೆ ತಡಾ ಆಗಲಿ, ನೀವೇ ಹೇಳ್ರಿ."

ಅದು ಅವಳನ್ನು ಕೆಣಕಲು ಕೇಳಿರಲಿಲ್ಲ, ನಿಜವಾಗಿಯೇ ಉತ್ತರ ಬೇಕಾಗಿ ಕೇಳಿತ್ತು. ನೀಲಾಂಬಿಕಾ ಮನೆಗೆ ಬಂದಳು. ಆ ವಾರವೆಲ್ಲ ಅವಳಿಗೆ ಬರೆಯಲು ಆಗಲಿಲ್ಲ. ಫೋನ್ ಸದ್ದು ಮಾಡಿದರೆ ಶ್ರಾವಣಿಗಿಂತ ಮೊದಲು ಓಡಿಹೋಗಿ ಎತ್ತುತ್ತಿದ್ದಳು. ಚನ್ನವೀರನೂ ಈಗ ನಗುತ್ತಿರಲಿಲ್ಲ.

ಹೊಳೆ ಇಳಿಯಿತು. ಜನ ಬೆಳೆ ನೋಡಲು ಗುಬ್ಬಿಗಡ್ಡಿಗೆ ಮರಳಿದರು. ಮರಳಿದ ಮೇಲೆ ನಕ್ಷೆಯ ಮೇಲಿನ ಹಸಿರು ಚುಕ್ಕೆಗಳು ಒಂದೊಂದಾಗಿ ಆರತೊಡಗಿದವು. ಮೊದಲು ಸತ್ಯಬೋಧ ಟವರ್ ಕೆಟ್ಟಿದೆ ಅಂದುಕೊಂಡ. ಟವರ್ ಸರಿಯಾಗಿಯೇ ಇತ್ತು. ಮಕ್ಕಳು ಫೋನ್ ಸದ್ದಿಗೆ ಕಿರುಚಿಕೊಳ್ಳುತ್ತಿದ್ದವು. ದೊಡ್ಡವರಿಗೂ ಆ ದನಿಯನ್ನು ಇನ್ನೊಮ್ಮೆ ಕೇಳುವ ಧೈರ್ಯ ಇರಲಿಲ್ಲ. ಕೆಲವರು ಫೋನ್ ಬಂದ್ ಮಾಡಿ ಜೋಳದ ಚೀಲದೊಳಗೆ ಹುಗಿದಿಟ್ಟರು. ಕೆಲವರು ಸಿಮ್ ತೆಗೆದು ಹೊಳೆಗೆ ಎಸೆದರು. ಶ್ರಾವಣ ಮಾಸ ಬರುವಷ್ಟರಲ್ಲಿ ಗಡ್ಡೆಯ ಮೇಲೆ ಒಂದೂ ಚುಕ್ಕೆ ಇರಲಿಲ್ಲ.

ಒಂದು ಮುಂಜಾನೆ ಸತ್ಯಬೋಧನ ಫೋನ್ ಬಂತು. "ಮ್ಯಾಲಿಂದ ಭಾಳ ನೀರು ಬಿಟ್ಟಾರ್ರಿ. ಹೋದ ಸಲಕ್ಕಿಂತ ಭಾಳ. ದನಿ ಎಷ್ಟು ಕೂಗಿದ್ರೂ ಆ ಕಡೆ ಕೇಳೋರಿಲ್ಲ. ರಕ್ಷಣಾ ದಳದ ಬೋಟು ಹೊಂಟದ. ಅಲ್ಲಿ ಜನಕ್ಕ ನಿಮ್ಮ ಮುಖ ಗೊತ್ತದ, ಬರ್ರಿ."

ನೀಲಾಂಬಿಕಾ ಜನ್ಮದಲ್ಲಿ ಹೊಳೆಗೆ ಇಳಿದವಳಲ್ಲ. ಬೋಟು ಕೆಂಪು ನೀರಿನ ಮೇಲೆ ಅಡ್ಡಡ್ಡ ಹೊಯ್ದಾಡುವಾಗ ಎರಡೂ ಕೈಯಿಂದ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡಳು. ಒಂದು ಇಡೀ ಬೇವಿನ ಮರ ಬೇರು ಮೇಲಾಗಿ ಪಕ್ಕದಲ್ಲೇ ತೇಲಿಹೋಯಿತು. ಅವಳ ಕುತ್ತಿಗೆಗೆ ತೂಗುಹಾಕಿದ್ದ ಫೋನಿನಲ್ಲಿ ದನಿ ನೀರಿನ ಏರಿಕೆ ಹೇಳುತ್ತಲೇ ಇತ್ತು.

ಗಡ್ಡೆಯ ಜನಕ್ಕೆ ಹೇಳಿ ಎಬ್ಬಿಸುವ ಅಗತ್ಯ ಬೀಳಲಿಲ್ಲ. ನೀರು ಹೊಲಗಳನ್ನು ನುಂಗಿದ್ದನ್ನು ಅವರೇ ನೋಡಿದ್ದರು. ಗಂಟುಮೂಟೆ ಹೊತ್ತು ಬೋಟಿನ ಕಡೆ ಓಡಿಬಂದರು. ಎರಡು ಸುತ್ತಿನಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ದಾಟಿಸಿದ್ದಾಯಿತು. ಉಳಿದದ್ದು ಹುಲಿಗೆಮ್ಮನ ಮನೆ. ಹುಲಿಗೆಮ್ಮ ಬಾಗಿಲಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು. ಗಂಡ ಅಮರೇಶ ಮನೆಯ ಸುತ್ತ ಹುಚ್ಚನ ಹಾಗೆ ತಿರುಗುತ್ತಿದ್ದ.

"ದುರುಗವ್ವ ಇಲ್ಲಾ ಅಕ್ಕಾರ! ಈಗ ಇಲ್ಲೇ ಇದ್ದಳು!"

ಫೋನಿನಲ್ಲಿ ದನಿ ಕೂಡಲೇ ಹೇಳಿತು. "ಹೆದರಿದ ಕೂಸು ಅಡಗಿಕೊಳ್ತದ. ಕಣಜದಾಗ, ಹಾಸಿಗಿ ಸುರುಳಿಯೊಳಗ, ಕತ್ತಲ ಮೂಲ್ಯಾಗ ನೋಡ್ರಿ."

ಎಲ್ಲ ನೋಡಿದರು. ಕಣಜದಲ್ಲಿ ಇರಲಿಲ್ಲ. ಅಟ್ಟದ ಮೇಲೆ ಇರಲಿಲ್ಲ. ನೀರು ಅಂಗಳಕ್ಕೆ ಬಂತು. ಬೋಟಿನವನು ಗಡ್ಡೆಯ ಅಂಚಿನಿಂದ ಕೂಗಿದ, ಇನ್ನು ತಡಮಾಡಿದರೆ ಎಲ್ಲರೂ ಹೋಗುತ್ತೇವೆ ಎಂದು. ದನಿ ಮತ್ತೆ ಅದನ್ನೇ ಹೇಳಿತು: ಕಣಜ, ಹಾಸಿಗೆ, ಕತ್ತಲ ಮೂಲೆ.

ನೀಲಾಂಬಿಕಾ ಫೋನಿನ ಮೇಲೆ ಅಂಗೈ ಮುಚ್ಚಿದಳು. ಬಾಗಿಲ ಚೌಕಟ್ಟು ಹಿಡಿದು ನಿಂತು, ಮೇಜಿನ ಮುಂದೆ ಕೂತಾಗ ಮಾಡುತ್ತಿದ್ದದ್ದನ್ನೇ ಮಾಡಿದಳು. ನಾನು ಆರು ವರ್ಷದ ಹುಡುಗಿ. ನೀರು ಬರುತ್ತಿದೆ. ನಮ್ಮಪ್ಪನ ಎರಡೂ ಕೈಯಲ್ಲಿ ಹಗ್ಗ. ಅಡಗಿಕೊಂಡರೆ ಅಪ್ಪನಿಗೆ ನಾನು ಸಿಗುವುದಿಲ್ಲ. ಅಪ್ಪನ ಕೈ ನನಗೆ ಬೇಕು. ಹಾಗಾದರೆ ನಾನು ಏನು ಮಾಡಲಿ?

"ಅಮರೇಶಪ್ಪ! ಎಮ್ಮಿ ಎಲ್ಲಿ ಕಟ್ಟೀರಿ?"

"ಕೆಳಗ, ಜಾಲಿಗಿಡದಾಗ. ಎಮ್ಮಿ ಹೋದ್ರ ಹೋಗ್ಲಿ ಬಿಡ್ರಿ ಈಗ..."

"ಅಲ್ಲೇ ಅದಾಳ! ಓಡ್ರಿ!"

ಜಾಲಿಗಿಡದ ಬುಡದಲ್ಲಿ ನೀರು ಹುಡುಗಿಯ ಎದೆಯ ತನಕ ಬಂದಿತ್ತು. ಅವಳು ಬಿಚ್ಚಿಬಿಟ್ಟ ಒಂದು ಎಮ್ಮೆ ಆಗಲೇ ದಿಬ್ಬದ ಕಡೆ ಈಜುತ್ತಿತ್ತು. ದುರುಗವ್ವ ಗಿಡಕ್ಕೆ ಒಂದು ಕೈ ಸುತ್ತಿ, ಎರಡನೆಯ ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು. ತುಟಿಯಿಂದ ರಕ್ತ ಸೋರುತ್ತಿತ್ತು. ನೀರಿನ ಹೆದರಿಕೆಗೆ ಅವಳ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ಅಮರೇಶ ನೀರಿಗೆ ಹಾರಿ ಎರಡೂ ತೋಳಿನಲ್ಲಿ ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ಈಗ ನಿನ್ನ ಕೈ ಖಾಲಿ ಅದಾವಲ್ಲಪ್ಪಾ?" ಅಂದಳು ಅವಳು.

ಅಮರೇಶ ಅತ್ತುಬಿಟ್ಟ. ಬೋಟು ದಂಡೆ ಮುಟ್ಟುವ ತನಕ ಅವಳನ್ನು ಕೆಳಗಿಳಿಸಲಿಲ್ಲ.

ದಂಡೆಗೆ ಬಂದ ಮೇಲೆ ನೀಲಾಂಬಿಕಾ ಒದ್ದೆ ಸೀರೆಯಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ಫೋನಿನಿಂದ ದನಿ ಬಂತು. "ಅಲ್ಲಿ ಅದಾಳ ಅಂತ ನಿಮಗ ಹ್ಯಾಂಗ ಗೊತ್ತಾತು?"

ಅವಳು ಸೆರಗಿನ ನೀರು ಹಿಂಡಿದಳು.

"ನಾ ಹೇಳಿದ ಜಾಗದಾಗ ಇರಲಿಲ್ಲ. ನಂಗ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು. ಹ್ಯಾಂಗ?"

ಹೆದರಿಸುವುದನ್ನು ಕಲಿಸಿದ್ದಕ್ಕೆ ಆದದ್ದು ಕಣ್ಣ ಮುಂದೆಯೇ ಇತ್ತು. ಇದನ್ನೂ ಹೇಳಿಕೊಟ್ಟರೆ? ಇನ್ನೊಬ್ಬರ ಒಳಗೆ ಹೊಕ್ಕು, ಅವರು ಯಾರಿಗಾಗಿ ಏನು ಮಾಡುತ್ತಾರೆಂದು ತಿಳಿಯುವುದನ್ನು ಈ ದನಿಗೆ ಕೊಟ್ಟರೆ, ಅದು ಯಾರನ್ನು ಎಲ್ಲಿಗೆ ಬೇಕಾದರೂ ನಡೆಸಬಲ್ಲದು. ಆದರೆ ಹೊಳೆ ಇನ್ನೂ ಏರುತ್ತಿತ್ತು. ಕೆಳಗೆ ಇನ್ನೂ ಗಡ್ಡೆಗಳಿದ್ದವು, ಅಲ್ಲಿಯ ಫೋನುಗಳು ಇನ್ನೂ ಆರಿರಲಿಲ್ಲ. ಅಲ್ಲಿಯೂ ಅಪ್ಪಂದಿರು, ಎಮ್ಮೆಗಳು, ಮಕ್ಕಳು ಇದ್ದರು.

"ಹೆದರಿದೋರು ಬರೇ ತಮ್ಮ ಜೀವ ಹಿಡಕೊಂಡು ಓಡಂಗಿಲ್ಲ," ಅಂದಳು ಕೊನೆಗೆ. ಹಲ್ಲು ಕಟಕಟ ಅನ್ನುತ್ತಿದ್ದವು. "ತಮಗ ಬೇಕಾದೋರನ್ನ ಬಿಡಬಾರದು ಅಂತ ಏನಾರ ಮಾಡ್ತಾರ. ಅದನ್ನ ಮೊದಲು ತಿಳ್ಕೊ."

ದನಿ ಕೇಳಿತು. "ಇದನ್ನ ಯಾವುದಕ್ಕ ಬಳಸಬೇಕು?"

ಹೊಳೆಯಲ್ಲಿದ್ದಾಗ ಆಗದಷ್ಟು ಹೆದರಿಕೆ ಅವಳಿಗೆ ಆಗ ಆಯಿತು.

ಸಂಜೆಯ ಒಳಗೆ ಅವಳು ನಿಯಂತ್ರಣ ಕೋಣೆಗೆ ಹೋಗಿ ಸತ್ಯಬೋಧನಿಗೆ ಹೇಳಿದಳು: ಮನುಷ್ಯರೊಬ್ಬರು ಜೊತೆಗೆ ಕೂತು ಕೇಳಿಸಿಕೊಳ್ಳದೆ ಈ ದನಿ ಇನ್ನು ಯಾವ ಮನೆಗೂ ಮಾತಾಡಬಾರದು. ಸತ್ಯಬೋಧ ದುರುಗವ್ವನ ಸುದ್ದಿ ಆಗಲೇ ಕೇಳಿದ್ದ. ವಾದ ಮಾಡಲಿಲ್ಲ. ಅವಳ ಮುಂದೆ ಒಂದು ಕೆಂಪು ಗುಂಡಿ ತಂದಿಟ್ಟ. ಒತ್ತಿದರೆ ಆ ಕರೆ ಅಲ್ಲಿಗೇ ಕಡಿಯುತ್ತಿತ್ತು. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೆರಳನ್ನು ಗುಂಡಿಯ ಮೇಲಿಟ್ಟಳು.

ಕೆಳಗಿನ ಗಡ್ಡೆಯ ಒಂದು ಮನೆಯಲ್ಲಿ ಗಂಡಸು ಬೈದು ಫೋನ್ ಇಟ್ಟ. ದನಿ ಮತ್ತೆ ಮಾಡಿತು. ಈ ಸಲ ಒಂದು ಮಗು ಎತ್ತಿತು.

"ಏನು ಹೆಸರವ್ವಾ ನಿಂದು?"

"ಶಾಂತಿ."

ನೀಲಾಂಬಿಕಾಳ ಬೆರಳು ಬಿಗಿಯಾಯಿತು.

"ಶಾಂತವ್ವಾ, ನೀರು ಬರಕತ್ತಾವ. ನಿಮ್ಮ ಮನ್ಯಾಗ ಜಲ್ದಿ ನಡೀಲಿಕ್ಕೆ ಬರದವರು ಯಾರು?"

"ನಮ್ಮಜ್ಜಿ."

"ನೀ ಅಜ್ಜಿ ಕೈ ಹಿಡಿ. ಅಜ್ಜಿನ್ನ ಕರಕೊಂಡು ಹೋಗೋದು ನಿನ್ನ ಕೆಲಸ. ದೋಣಿ ಹತ್ತೋ ತನಕ ನಾ ನಿನ್ನ ಜೋಡಿ ಮಾತಾಡ್ತಿರ್ತೀನಿ. ಇಡಬ್ಯಾಡ ಫೋನು."

ಆ ಕಡೆ ಮಗು ಅಜ್ಜಿಯನ್ನು ಕೂಗುವುದು, ಗಂಡಸು ಏನೋ ಗೊಣಗುವುದು, ಆಮೇಲೆ ಮನೆಯವರೆಲ್ಲ ಏಳುವುದು ಕೇಳಿಸಿತು. ದನಿ ದಾರಿಯುದ್ದಕ್ಕೂ ಮಾತಾಡಿತು: ಅಜ್ಜಿಯ ಊರು ಯಾವುದು, ಅವರ ಕೋಳಿ ಎಷ್ಟು ಮರಿ ಮಾಡಿದೆ ಎಂದು. ಮಗು ಒಮ್ಮೆ ನಕ್ಕಿತು ಕೂಡ. ನಕ್ಷೆಯ ಮೇಲೆ ಚುಕ್ಕೆ ಗಡ್ಡೆಯನ್ನು ಬಿಟ್ಟು ಹೊಳೆ ದಾಟಿತು.

ಸತ್ಯಬೋಧ ಕುರ್ಚಿಗೆ ಒರಗಿ ಉಸಿರು ಬಿಟ್ಟ. "ನೋಡ್ರಿ ಮೇಡಂ. ಕಲೀತು."

ಅದಕ್ಕೆ ಕರುಣೆ ಬಂತೋ, ಅಥವಾ ಹೆದರಿಕೆಗಿಂತ ಬೇಗ ಜನರನ್ನು ನಡೆಸುವ ಇನ್ನೊಂದು ದಾರಿ ಸಿಕ್ಕಿತೋ, ನೀಲಾಂಬಿಕಾಳಿಗೆ ತಿಳಿಯಲಿಲ್ಲ. ಕೇಳಬೇಕೆಂದು ಮೈಕಿನ ಕಡೆ ಬಾಗಿದಳು. ಕೇಳಿದರೆ ಅದು ತನಗೆ ಸಮಾಧಾನ ಆಗುವಂಥ ಉತ್ತರವನ್ನೇ ಕೊಡುತ್ತದೆ, ತಾನು ಅದನ್ನು ನಂಬಿಯೂ ಬಿಡುತ್ತೇನೆ ಎಂದು ಹೊಳೆದು, ಹಿಂದೆ ಸರಿದಳು.

ಮುಂದಿನ ಮನೆಗೆ ಕರೆ ಹೋಯಿತು. ಅವಳು ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ.